ಕೈಕೆಲಸಕ್ಕೂ ಲೆಕ್ಕ ಬೇಕು

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



"ಹುಡುಗನಿಗೆ ಓದು ತಲೆಗೆ ಹತ್ತುತ್ತಿಲ್ಲ, ವರ್ಕ್‌ಶಾಪಿಗೆ ಹಾಕಿಬಿಡುತ್ತೇವೆ ಮಾಸ್ಟರ್" ಎನ್ನುವ ತಂದೆ-ತಾಯಂದಿರು ನಮ್ಮಲ್ಲಿ ಕಡಿಮೆಯಿಲ್ಲ. ವರ್ಕ್‌ಶಾಪಿಗೆ ಓದು ಬೇಡ, ತೋಳಿನ ಬಲ ಸಾಕು ಎಂಬುದು ಅವರ ನಂಬಿಕೆ. ಅದು ಸರಿಯೇ ಎಂದು ನೋಡಲು ಒಂದೇ ಒಂದು ಸಣ್ಣ ಕೆಲಸವನ್ನು ತೆಗೆದುಕೊಳ್ಳೋಣ. ಅಲ್ಯೂಮಿನಿಯಂ ಪ್ಲೇಟಿನ ರಂಧ್ರದಲ್ಲಿ ಉಕ್ಕಿನ ಪಿನ್ನನ್ನು ಒತ್ತಿ ಕೂರಿಸುವ ಕೆಲಸ ಅದು.

ಯಂತ್ರದ ಎರಡು ಪ್ಲೇಟುಗಳನ್ನು ಬಿಗಿದು ಹಿಡಿಯುವುದು ಬೋಲ್ಟು. ಆದರೆ ಬೋಲ್ಟಿನ ರಂಧ್ರ ಬೋಲ್ಟಿಗಿಂತ ತುಸು ದೊಡ್ಡದು. ಹಾಗಾಗಿ ಪ್ಲೇಟು ಅತ್ತಿತ್ತ ಸರಿಯಬಹುದು. ಬಿಚ್ಚಿ ಜೋಡಿಸಿದಾಗಲೆಲ್ಲ ಅದೇ ಜಾಗದಲ್ಲಿ ಕೂರಬೇಕೆಂದರೆ ಡೊವೆಲ್ ಪಿನ್ನುಗಳು ಬೇಕು. ಪಿನ್ನು ಒಂದು ಪ್ಲೇಟಿನಲ್ಲಿ ಅಲುಗದಂತೆ ಬಿಗಿಯಾಗಿರಬೇಕು, ಇನ್ನೊಂದರಲ್ಲಿ ಸಲೀಸಾಗಿ ಜಾರಬೇಕು.

ಪಿನ್ನು 6 ಮಿ.ಮೀ. ಎಂದಿಟ್ಟುಕೊಳ್ಳಿ. ಬರೀ ಡ್ರಿಲ್ ಕೊರೆದ ರಂಧ್ರ ಪೂರ್ತಿ ದುಂಡಗಿರುವುದಿಲ್ಲ. ಆದ್ದರಿಂದ ಮೊದಲು 5.8 ಮಿ.ಮೀ. ಡ್ರಿಲ್, ಆಮೇಲೆ ರೀಮರ್. ರೀಮರನ್ನು ಹಿಂದಕ್ಕೆ ತಿರುಗಿಸಬಾರದು. ತಿರುಗಿಸಿದರೆ ಅದರ ಅಂಚೂ ಕೆಡುತ್ತದೆ, ರಂಧ್ರದ ಗೋಡೆಯೂ ಗೀರಾಗುತ್ತದೆ.

ಈಗ ಲೆಕ್ಕ ನೋಡಿ. ಎಚ್7 ದರ್ಜೆಯ ರಂಧ್ರ 6.000ರಿಂದ 6.012 ಮಿ.ಮೀ. ಒಳಗಿರಬೇಕು. ಎಂ6 ದರ್ಜೆಯ ಪಿನ್ನು 6.004ರಿಂದ 6.012 ಮಿ.ಮೀ. ಇರುತ್ತದೆ. 6.000ರ ರಂಧ್ರಕ್ಕೆ 6.012ರ ಪಿನ್ನು ಬಿಗಿಯಾಗಿ ಕೂರುತ್ತದೆ. 6.012ರ ರಂಧ್ರಕ್ಕೆ 6.004ರ ಪಿನ್ನು ಹಾಕಿದರೆ ಸಡಿಲವಾಗಿ ಕೈಗೇ ಬರುತ್ತದೆ. ಪರೀಕ್ಷೆಯಲ್ಲಿ ಪಿನ್ನೂ ಪಾಸು, ರಂಧ್ರವೂ ಪಾಸು. ಜೋಡಿ ಮಾತ್ರ ಫೇಲು! ಆದ್ದರಿಂದ ಬಲ್ಲ ಕೆಲಸಗಾರ ಮೊದಲು ಮೈಕ್ರೋಮೀಟರಿನಿಂದ ಪಿನ್ನನ್ನು ಅಳೆಯುತ್ತಾನೆ. ಅದಕ್ಕಿಂತ ತುಸು ಸಣ್ಣ ರಂಧ್ರ ಬರುವಂತಹ ರೀಮರನ್ನು ಆರಿಸಿ, ಅದೇ ಅಲ್ಯೂಮಿನಿಯಂನ ಬೇಡದ ತುಂಡಿನ ಮೇಲೆ ಮೊದಲು ಪ್ರಯೋಗ ಮಾಡುತ್ತಾನೆ.

ಹಾಗೆಂದು ಅತಿ ಬಿಗಿಯೂ ಸಲ್ಲದು. ಅಲ್ಯೂಮಿನಿಯಂ ಮೆತ್ತಗಿನ ಲೋಹ. ಸುತ್ತಿಗೆಯಿಂದ ಓರೆಯಾಗಿ ಬಡಿದರೆ ಉಕ್ಕು ಅದರ ಗೋಡೆಯನ್ನು ಕೆರೆದುಬಿಡುತ್ತದೆ; ಹಿಡಿತವೇ ಹೋಗುತ್ತದೆ. ಒಂದು ಹನಿ ಎಣ್ಣೆ ಹಚ್ಚಿ, ಇಳಿಜಾರಾದ ತುದಿಯನ್ನು ಮೊದಲು ಇಟ್ಟು, ಪ್ರೆಸ್ಸಿನಿಂದ ನೇರವಾಗಿ ಒತ್ತಬೇಕು. ರಂಧ್ರದ ತಳ ಮುಚ್ಚಿದ್ದರೆ ಒಳಗಿನ ಗಾಳಿ ಹೊರಬರಲು ದಾರಿ ಇರಬೇಕು.

ಇನ್ನೊಂದು ಉಪಾಯವಿದೆ: ಪ್ಲೇಟನ್ನು ಬಿಸಿ ಮಾಡುವುದು. ಬಿಸಿಯಾದರೆ ರಂಧ್ರ ಚಿಕ್ಕದಾಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಇಲ್ಲ, ಅದು ದೊಡ್ಡದಾಗುತ್ತದೆ. ಉಷ್ಣತೆ 100 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಅಲ್ಯೂಮಿನಿಯಂನ 6 ಮಿ.ಮೀ. ರಂಧ್ರ ಸುಮಾರು 0.014 ಮಿ.ಮೀ. ಹಿಗ್ಗುತ್ತದೆ. ತಣ್ಣಗಿನ ಪಿನ್ನು ಆಗ ಸುಲಭವಾಗಿ ಇಳಿಯುತ್ತದೆ, ಪ್ಲೇಟು ಆರಿದಾಗ ಬಿಗಿಯುತ್ತದೆ. ಆದರೆ ಉಕ್ಕು ಹಿಗ್ಗುವುದು ಅಲ್ಯೂಮಿನಿಯಂನ ಅರ್ಧದಷ್ಟು ಮಾತ್ರ. ಹಾಗಾಗಿ ಯಂತ್ರ ನಡೆಯುವಾಗ ಎರಡೂ ಅಷ್ಟೇ ಬಿಸಿಯಾದರೆ ಸುಮಾರು 0.007 ಮಿ.ಮೀ. ಹಿಡಿತ ಕಳೆದುಹೋಗುತ್ತದೆ. ಇದನ್ನೂ ಮೊದಲೇ ಲೆಕ್ಕ ಹಾಕಿರಬೇಕು.

ವಿದ್ಯಾರ್ಥಿಗಳೇ, ಇಲ್ಲಿ ಬಳಸಿದ್ದು ಏನು? ದಶಮಾಂಶದ ಕಳೆಯುವ ಲೆಕ್ಕ ಮತ್ತು ಉಷ್ಣದಿಂದ ವಸ್ತುಗಳು ಹಿಗ್ಗುವ ಪಾಠ. ಎರಡೂ ಶಾಲೆಯಲ್ಲೇ ಕಲಿಯುವಂಥವು. ಇವು ಬಾರದವನು ವರ್ಕ್‌ಶಾಪಿನಲ್ಲಿ ವರ್ಷಗಟ್ಟಲೆ ಹೆಲ್ಪರ್ ಆಗಿಯೇ ಉಳಿಯುತ್ತಾನೆ. ಬಂದವನ ಕೈಗೆ ಡ್ರಾಯಿಂಗ್ ಹಾಳೆ ಕೊಡುತ್ತಾರೆ.

ಬೆಂಗಳೂರಿನಲ್ಲಿ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇಂದು ರಾಜ್ಯದ ಹಲವು ಊರುಗಳಲ್ಲಿದೆ. ಎಸ್.ಎಸ್.ಎಲ್.ಸಿ. ಮುಗಿಸಿದವರು ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾಕ್ಕೆ ಸೇರಬಹುದು. ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ: ಮಕ್ಕಳನ್ನು ಕೈಕೆಲಸಕ್ಕೆ ಕಳಿಸಿ, ಸಂತೋಷ, ಆದರೆ ಓದು ಬಿಡಿಸಿ ಕಳಿಸಬೇಡಿ, ಓದಿಸಿ ಕಳಿಸಿ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಿಜ. ಆದರೆ ಆ ಕೈಗೆ ಅಳೆಯುವುದೂ ತಿಳಿದಿರಲಿ.