ಹತ್ತು ಜನರ ನಾಯಕ

ಬೈಬಲಿನ ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರ ನಾಯಕ ಮೋಶೆಯನ್ನು ಕಾಣಲು ಅವನ ಮಾವ ಇತ್ರೋ ಬರುತ್ತಾನೆ. ಅಳಿಯ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ನ್ಯಾಯ ತೀರಿಸುತ್ತಿದ್ದಾನೆ, ಜನ ಕಾದು ನಿಂತಿದ್ದಾರೆ. ಹೀಗಾದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದು ಮಾವ ಎಚ್ಚರಿಸುತ್ತಾನೆ. 21ನೆಯ ವಚನದಲ್ಲಿ ಅವನ ಸಲಹೆಯಿದೆ: ಸಮರ್ಥರು, ದೇವರಿಗೆ ಅಂಜುವವರು, ನಂಬಿಗಸ್ತರು, ಅನ್ಯಾಯದ ಲಾಭಕ್ಕೆ ಹೇಸುವವರು ಯಾರೋ ಅವರನ್ನು ಆರಿಸಿ ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ನೇಮಿಸಬೇಕು. ಈ ವಚನವನ್ನು ಎತ್ತಿ ಹೇಳುವವರು ಸಾಮಾನ್ಯವಾಗಿ ಆ ನಾಲ್ಕು ಗುಣಗಳಲ್ಲೇ ನಿಂತುಬಿಡುತ್ತಾರೆ. ಕೊನೆಗೆ ಬರುವ ಹತ್ತರ ಲೆಕ್ಕವೂ ಅಷ್ಟೇ ಮುಖ್ಯ ಎಂದು ನಾನು ಭಾವಿಸುತ್ತೇನೆ. ಒಬ್ಬನು ನಂಬಿಗಸ್ತನೋ ಅಲ್ಲವೋ ಎಂಬುದು ಅವನ ಕೊಡುಕೊಳ್ಳುವಿಕೆಯನ್ನು ದಿನವೂ ಕಂಡ ಹತ್ತು ಜನಕ್ಕೆ ತಿಳಿದಷ್ಟು ದೂರದ ದೊರೆಗೆ ತಿಳಿಯಲಾರದು. ಹಾಗಾದರೆ ಆರಿಸಬೇಕಾದವರು ಆ ಹತ್ತು ಜನರೇ ಅಲ್ಲವೇ?

ಧರ್ಮೋಪದೇಶಕಾಂಡದ ಮೊದಲ ಅಧ್ಯಾಯ ಇದೇ ವ್ಯವಸ್ಥೆಯನ್ನು ನೆನೆಯುವಾಗ ಆಯ್ಕೆ ಜನರ ಪಾಲಿಗೆ ಬಂದಿದೆ. ವಿವೇಕಿಗಳನ್ನು ನೀವೇ ಗೊತ್ತುಮಾಡಿ, ನಾನು ನೇಮಿಸುತ್ತೇನೆ ಎನ್ನುತ್ತಾನೆ ಮೋಶೆ. 13ನೆಯ ಶತಮಾನದಲ್ಲಿ, ಯುರೋಪನ್ನು ಅರಸರು ಆಳುತ್ತಿದ್ದಾಗಲೇ, ಕ್ರೈಸ್ತ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಈ ಎರಡೂ ವಚನಗಳನ್ನು ಜೊತೆಗಿಟ್ಟು, ಆಳುವವರನ್ನು ಎಲ್ಲರ ನಡುವಿನಿಂದ ಜನರೇ ಆರಿಸುವುದು ಒಳ್ಳೆಯ ಆಡಳಿತದ ಒಂದು ಅಂಗ ಎಂದು ವಾದಿಸಿದರು. 1638ರ ಮೇ 31ರಂದು ಅಮೆರಿಕದ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಥಾಮಸ್ ಹೂಕರ್ ಎಂಬ ಪಾದ್ರಿ ಧರ್ಮೋಪದೇಶಕಾಂಡದ ಆ ವಚನದ ಮೇಲೆಯೇ ಬೋಧಿಸಿ, ಅಧಿಕಾರದ ಬುನಾದಿ ಜನರ ಮುಕ್ತ ಒಪ್ಪಿಗೆ ಎಂದರು. ಮರುವರ್ಷ ಜನವರಿಯಲ್ಲಿ ಕನೆಕ್ಟಿಕಟ್‌ನ ಮೂರು ಊರುಗಳು ಸೇರಿ ಲಿಖಿತ ಆಡಳಿತ ನಿಯಮಗಳನ್ನೇ ಮಾಡಿಕೊಂಡವು. 1651ರಲ್ಲಿ ಜಾನ್ ಎಲಿಯಟ್ ಎಂಬ ಮಿಷನರಿಯ ಮಾರ್ಗದರ್ಶನದಲ್ಲಿ, ಮ್ಯಾಸಚೂಸೆಟ್ಸ್‌ನ ನೇಟಿಕ್ ಎಂಬಲ್ಲಿ ಅಲ್ಲಿನ ಮೂಲನಿವಾಸಿಗಳು ಇತ್ರೋನ ಮಾತಿನಂತೆ ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ನಾಯಕರನ್ನು ಆರಿಸಿಕೊಂಡರು. ಇದೇ ಏರ್ಪಾಡು ಇಂಗ್ಲೆಂಡಿಗೂ ಬೇಕೆಂದು ಎಲಿಯಟ್ ಪುಸ್ತಕ ಬರೆದರು. 1660ರಲ್ಲಿ ಇಂಗ್ಲೆಂಡಿಗೆ ಅರಸೊತ್ತಿಗೆ ಮರಳಿತು. ಮರುವರ್ಷ ಮ್ಯಾಸಚೂಸೆಟ್ಸ್‌ನ ಸರ್ಕಾರವೇ ಆ ಪುಸ್ತಕವನ್ನು ತಡೆಹಿಡಿಯಿತು. ಹತ್ತು ಜನ ತಮ್ಮ ನಾಯಕನನ್ನು ಆರಿಸುವ ಮಾತು ಸಿಂಹಾಸನದ ಮುಂದೆ ಆಡಲಾಗದ ಮಾತಾಗಿತ್ತು.

ದೇವರಿಗೆ ಅಂಜಬೇಕೆಂಬ ಷರತ್ತು ಅನ್ಯಮತದವರನ್ನು ಹೊರಗಿಡುವುದಿಲ್ಲವೇ ಎಂದು ಕೇಳಬಹುದು. ಹಾಗೆ ಬಳಸಿದ್ದೂ ಉಂಟು. ಕನೆಕ್ಟಿಕಟ್‌ನಲ್ಲಿ ಗವರ್ನರನಾಗುವವನು ಕ್ರೈಸ್ತ ಸಭೆಯ ಸದಸ್ಯನಾಗಿರಲೇಬೇಕಿತ್ತು. ಆದರೆ ಈ ಸಲಹೆ ಕೊಟ್ಟ ಇತ್ರೋ ಇಸ್ರಾಯೇಲ್ಯನೇ ಅಲ್ಲ, ಮಿದ್ಯಾನಿನ ಯಾಜಕ. ಮೋಶೆ ಅವನ ಮಾತನ್ನು ಕೇಳಿ ಹಾಗೆಯೇ ನಡೆದ. ವಚನವನ್ನು ಬೇಲಿ ಮಾಡಿಕೊಂಡವರು ಈ ಸಂಗತಿಯನ್ನು ಮರೆತಿದ್ದಾರೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಒಳ್ಳೆಯವನೂ ಕುರ್ಚಿ ಸಿಕ್ಕ ಮೇಲೆ ಕೆಡುತ್ತಾನೆ, ಗುಣ ನೋಡಿ ಆರಿಸಿ ಏನು ಫಲ? ಇದನ್ನು ಬೈಬಲೇ ಒಪ್ಪುತ್ತದೆ. ಪ್ರವಾದಿ ಸಮುವೇಲನ ಮಕ್ಕಳು ನ್ಯಾಯಾಧೀಶರಾಗಿ ಬೇರ್ಷೆಬದಲ್ಲಿ ಲಂಚ ತಿಂದರು. ಆದರೆ ಅವರನ್ನು ನೇಮಿಸಿದ್ದು ತಂದೆ; ಜನರಲ್ಲ. ಕನೆಕ್ಟಿಕಟ್‌ನವರು ಆರಿಸಿದ ಮೇಲೂ ಎಚ್ಚರ ತಪ್ಪಲಿಲ್ಲ. ಎರಡು ವರ್ಷದಲ್ಲಿ ಒಮ್ಮೆಗಿಂತ ಹೆಚ್ಚು ಯಾರೂ ಗವರ್ನರ್ ಆಗಕೂಡದೆಂದು ಬರೆದಿಟ್ಟರು. ಸಮುವೇಲನಾದರೂ ಮುದಿವಯಸ್ಸಿನಲ್ಲಿ ಎಲ್ಲರೆದುರು ನಿಂತು, ಯಾರ ಎತ್ತನ್ನು ಕಿತ್ತುಕೊಂಡಿದ್ದೇನೆ, ಯಾರಿಂದ ಲಂಚ ಪಡೆದಿದ್ದೇನೆ ಎಂದು ಕೇಳಿದ. ಉತ್ತರ ಕೊಟ್ಟವರು ಜನ. ಇತ್ರೋನ ಸಲಹೆಯನ್ನು ಓದುವವರು ಸಮುವೇಲನ ಮೊದಲ ಗ್ರಂಥದ ಈ 12ನೆಯ ಅಧ್ಯಾಯವನ್ನೂ ಅದರ ಜೊತೆಗಿಟ್ಟು ಓದಬೇಕೆಂದು ನನ್ನ ವಿನಂತಿ.