ನಮ್ಮ ಕಾಲ ಕೆಳಗಿನ ಕಲ್ಲು



ಕೊಳವೆಬಾವಿ ಕೊರೆಸುವ ಮುನ್ನ ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಕರೆಸುತ್ತೇವೆ. ಕೆಳಗೆ ಯಾವ ಕಲ್ಲಿದೆ ಎಂದು ಮಾತ್ರ ವಿಚಾರಿಸುವುದಿಲ್ಲ. 1851ರಲ್ಲಿ ಶುರುವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಆ ಮಾಹಿತಿಯನ್ನು ‘ಭೂಕೋಶ್’ ಎಂಬ ಜಾಲತಾಣದಲ್ಲಿ ಇಟ್ಟಿದೆ. ಅದರ ನಕ್ಷೆಯಲ್ಲಿ ನಮ್ಮ ಭಾಗ ಹುಡುಕಿ, ಶಿಲಾಘಟಕದ ಹೆಸರು, ಕಲ್ಲಿನ ಬಗೆ, ಕಾಲ, ಹರಡಿರುವ ಜಾಗ ಎಂದು ನಾಲ್ಕು ಕಾಲಂ ಮಾಡಿ ಬರೆದುಕೊಂಡೆ.

ಕಮಲಾಪುರ, ಕಲಬುರಗಿ ನಗರ ಎರಡೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಆರಿದ ಕರಿಕಲ್ಲಿನ ಮೇಲಿವೆ. ಅದೇ ಸವೆದು ನಮ್ಮ ಎರೆ ಮಣ್ಣಾಗಿದೆ. ದಕ್ಷಿಣಕ್ಕೆ ಶಹಾಬಾದ್ ಕಡೆ ಭೀಮಾ ಸಮೂಹದ ಸುಣ್ಣಕಲ್ಲು. ಮನೆಗೆ ಹಾಸುವ ಫರಸಿ ಅದೇ. ಅದು ಲಾವಾಕ್ಕಿಂತ ಬಹಳ ಹಳೆಯದು. ಕರಿಕಲ್ಲಿನಲ್ಲಿ ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ, ಬಿರುಕುಗಳಲ್ಲಿ, ಎರಡು ಲಾವಾ ಪದರಗಳ ಸಂದಿನಲ್ಲಿ. ಬಿರುಕಿಲ್ಲದ ಗಟ್ಟಿ ಕಲ್ಲಿನಲ್ಲಿ ಎಷ್ಟು ಅಡಿ ಇಳಿದರೂ ಬೆಳೆಯುವುದು ಸಾಲ ಮಾತ್ರ.

ಆದರೆ 1:50,000 ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ ಅರ್ಧ ಕಿಲೋಮೀಟರ್. ನಿಮ್ಮ ಹೊಲದ ಬಿರುಕು ಅದರಲ್ಲಿ ಕಾಣದು. ಅದು ಗೊತ್ತಿರುವುದು ಬಾವಿ ತೋಡಿದವರಿಗೆ. ಎಷ್ಟನೇ ಅಡಿಗೆ ಕಲ್ಲು ಬದಲಾಯಿತು, ಎಲ್ಲಿ ನೀರು ಬಂತು, ಯಾವಾಗ ಬತ್ತಿತು ಎಂದು ಮಕ್ಕಳು ಮನೆಮನೆಗೆ ಹೋಗಿ ಕೇಳಿ, ಐದನೇ ಕಾಲಂನಲ್ಲಿ ಬರೆಯಲಿ. ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ನೆನಪು ಯಾವ ಜಾಲತಾಣದಲ್ಲೂ ಇಲ್ಲ. ಸುವರ್ಣ ಮಹೋತ್ಸವದ ಈ ವರ್ಷವೇ ಶಾಲೆಯಲ್ಲಿ ಆ ವಹಿ ಶುರುವಾಗಲಿ. ಮುಂದೆ ಬಾವಿ ಕೊರೆಸುವವರು ಮೊದಲು ಅದನ್ನು ತೆರೆದು ನೋಡಲಿ.