ಎತ್ತು ಎಳೆದ ರೈಲು

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಬೆಳೆಯುತ್ತಿರುವ ಕನ್ನಡದ ಪುಟಾಣಿಗಳೇ, ಈ ರಜೆಯಲ್ಲಿ ಅಪ್ಪ ಅಮ್ಮನನ್ನು ಕಾಡಿ ಬೇಡಿ ಒಂದು ದಿನ ರೈಲಿನಲ್ಲಿ ವಡೋದರಕ್ಕೆ ಹೊರಡಿಸಿ. ಸುಮಾರು 100 ಕಿಲೋಮೀಟರ್ ದಾರಿ. ಚೀಲದಲ್ಲಿ ಶಾಲೆಯ 30 ಸೆಂಟಿಮೀಟರ್ ಸ್ಕೇಲ್ ಇರಲಿ, ಅದರಿಂದ ಕೆಲಸವಿದೆ.

ವಡೋದರದ ಒಂದು ಬಡಾವಣೆ ಪ್ರತಾಪನಗರ. ಅಲ್ಲಿ ರೈಲ್ವೆಯವರು ಹಳೆಯ ಪುಟ್ಟ ರೈಲುಗಳ ನೆನಪನ್ನು ಜೋಪಾನವಾಗಿ ಕಾಪಾಡಿದ್ದಾರೆ. ಎಂಜಿನ್ ನೋಡಿದ ಕೂಡಲೇ ‘ಅಯ್ಯೋ, ಇಷ್ಟು ಚಿಕ್ಕದಾ!’ ಅನ್ನುತ್ತೀರಿ. ನೋಡಲು ಇಟ್ಟಿರುವ ಆ ಎಂಜಿನ್ನಿನ ಕೆಳಗೆ ಬಗ್ಗಿ, ಒಂದು ಹಳಿಯ ಒಳಬದಿಯಿಂದ ಇನ್ನೊಂದರ ಒಳಬದಿಗೆ ಸ್ಕೇಲ್ ಇಟ್ಟು ಅಳೆಯಿರಿ. ಎರಡೂವರೆ ಸ್ಕೇಲ್, ಮೇಲೊಂದು ಬೆರಳಿನಷ್ಟು. ಅಂದರೆ 762 ಮಿಲಿಮೀಟರ್. ಇದೇ ನ್ಯಾರೋ ಗೇಜ್. ನೀವು ಕೂತು ಬಂದ ರೈಲಿನ ಹಳಿಗಳ ನಡುವೆ 1,676 ಮಿಲಿಮೀಟರ್ ಇರುತ್ತದೆ, ಅದು ಬ್ರಾಡ್ ಗೇಜ್. ಅದನ್ನು ಅಳೆಯಲು ಮಾತ್ರ ಹೋಗಬೇಡಿ! ರೈಲು ಓಡುವ ಹಳಿಗೆ ಎಂದೂ ಇಳಿಯಬಾರದು.

ಇಷ್ಟು ಕಿರಿದಾದ ಹಾದಿ ಯಾಕೆ? ಕಿರಿದಾದರೆ ಮಣ್ಣು ಕಡಿಮೆ ಹಾಕಿದರೆ ಸಾಕು, ಸೇತುವೆ ಚಿಕ್ಕದಾದರೂ ನಡೆಯುತ್ತದೆ, ಖರ್ಚೂ ಕಡಿಮೆ. ಬರೋಡದ, ಅಂದರೆ ಇಂದಿನ ವಡೋದರದ, ಮಹಾರಾಜ ಖಂಡೇರಾವ್ ಗಾಯಕವಾಡರು 1862ರಲ್ಲಿ ಡಭೋಯಿಯಿಂದ ಮಿಯಾಗಾಮ್‌ವರೆಗೆ ಇಂಥ ಹಾದಿ ಹಾಕಿಸಿದರು. ಉದ್ದ ಸುಮಾರು 32 ಕಿಲೋಮೀಟರ್. ನಮ್ಮ ದೇಶದ ಮೊದಲ ನ್ಯಾರೋ ಗೇಜ್ ಅದೇ.

ಈಗ ನನಗೆ ಬಹಳ ಇಷ್ಟವಾದ ಸಂಗತಿ ಹೇಳುತ್ತೇನೆ. ಆ ರೈಲನ್ನು ಮೊದಲು ಎಳೆದದ್ದು ಎತ್ತುಗಳು! ಕಣ್ಣು ಮುಚ್ಚಿ ನೋಡಿ. ಹೊಗೆಯಿಲ್ಲ, ಕೂಗಿಲ್ಲ. ಮುಂದೆ ಎತ್ತು, ಹಿಂದೆ ಕಬ್ಬಿಣದ ಗಾಲಿಯ ಡಬ್ಬಿಗಳು.

ಎತ್ತಿಗೆ ರೈಲು ಎಳೆಯುವ ಶಕ್ತಿ ಎಲ್ಲಿಂದ ಬಂತು? ಮಣ್ಣಿನ ದಾರಿಯಲ್ಲಿ ಗಾಡಿಯ ಗಾಲಿ ಹೂತುಕೊಳ್ಳುತ್ತದೆ. ಎತ್ತಿನ ಬಹಳಷ್ಟು ಬಲ ಗಾಲಿಯನ್ನು ಆ ಗುಂಡಿಯಿಂದ ಎತ್ತುವುದಕ್ಕೇ ಹೋಗುತ್ತದೆ. ಗಟ್ಟಿ ಹಳಿಯ ಮೇಲೆ ಗಟ್ಟಿ ಗಾಲಿ ಹೂತುಕೊಳ್ಳುವುದಿಲ್ಲ, ಸರಾಗವಾಗಿ ಉರುಳುತ್ತದೆ. ಅದೇ ಎತ್ತು ಹಳಿಯ ಮೇಲೆ ಎಷ್ಟೋ ಪಟ್ಟು ಹೆಚ್ಚು ಭಾರ ಎಳೆಯಬಲ್ಲದು.

ಹಾಗಾದರೆ ಉಗಿ ಎಂಜಿನ್ ಯಾಕೆ ಬರಲಿಲ್ಲ? ತಂದು ನೋಡಿದರು, ಆದರೆ ಹಳಿಗಳಿಗೆ ಅದರ ಭಾರ ತಡೆಯಲಾಗಲಿಲ್ಲ. ಆ ಹಳಿ ಒಂದು ಮೀಟರಿಗೆ ಸುಮಾರು ಆರೂವರೆ ಕಿಲೋ ತೂಗುತ್ತಿತ್ತು, ಅಷ್ಟೇ. ಇಂದಿನ ದೊಡ್ಡ ಹಾದಿಗಳ ಹಳಿ ಮೀಟರಿಗೆ 60 ಕಿಲೋ! ಮುಂದೆ ಗಟ್ಟಿ ಹಳಿ ಹಾಕಿದ ಮೇಲೆ, 1873ರಿಂದ, ಎಂಜಿನ್‌ಗಳು ಕ್ರಮವಾಗಿ ಓಡಿದವು.

ಹಳಿಗೆ ಬಲ ಕೊಡುವುದು ತೂಕವೊಂದೇ ಅಲ್ಲ, ಅದರ ಆಕಾರವೂ ಹೌದು. ಮನೆಗೆ ಬಂದು ಎರಡು ಪುಸ್ತಕಗಳ ನಡುವೆ ಸ್ಕೇಲನ್ನು ಸೇತುವೆಯ ಹಾಗೆ ಮಲಗಿಸಿ. ನಡುವೆ ಬೆರಳಿನಿಂದ ಒತ್ತಿ. ಬಗ್ಗಿತಲ್ಲವೇ? ಈಗ ಅದೇ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಹಿಡಿದು ಒತ್ತಿ. ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ.

ಬಗ್ಗುವಾಗ ಸ್ಕೇಲಿನ ಮೇಲಂಚು ಕುಗ್ಗಬೇಕು, ಕೆಳಂಚು ಹಿಗ್ಗಬೇಕು. ನಿಲ್ಲಿಸಿದಾಗ ಆ ಎರಡು ಅಂಚುಗಳು ದೂರ ದೂರ ಇರುತ್ತವೆ. ಅಷ್ಟೇ ಬಗ್ಗಬೇಕೆಂದರೂ ಹೆಚ್ಚು ಕುಗ್ಗಬೇಕು, ಹೆಚ್ಚು ಹಿಗ್ಗಬೇಕು. ಪ್ಲಾಸ್ಟಿಕ್ಕು ಅದಕ್ಕೆ ಒಪ್ಪುವುದಿಲ್ಲ. ಹಳಿಯನ್ನು ಕತ್ತರಿಸಿದ ತುದಿಯಿಂದ ನೋಡಿದರೂ ಹೀಗೆಯೇ: ಮೇಲೆ ದಪ್ಪ, ನಡುವೆ ತೆಳ್ಳಗೆ ನಿಂತ ಗೋಡೆ, ಕೆಳಗೆ ಅಗಲವಾದ ಪಾದ. ಉಕ್ಕು ಎಲ್ಲಿ ಬೇಕೋ ಅಲ್ಲಿ ಮಾತ್ರ ಹೆಚ್ಚಿದೆ. ಎಷ್ಟು ಜಾಣತನ ನೋಡಿ!

ಬೇಸಿಗೆಯಲ್ಲಿ ಅಜ್ಜಿಯ ಊರಿಗೆಂದು ಬೆಂಗಳೂರಿನ ಕಡೆ ಬಂದರೆ, ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ ನಂದಿ ಹಾಲ್ಟ್ ಎಂಬ ಹಳೆಯ ನಿಲ್ದಾಣವಿದೆ. ಪರಂಪರೆಯ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯವರು ಮುತುವರ್ಜಿಯಿಂದ ಅದನ್ನು ದುರಸ್ತಿ ಮಾಡಿದ್ದಾರೆ. ಈಗ ಅಲ್ಲಿ ಓಡುವುದು ಬ್ರಾಡ್ ಗೇಜ್ ರೈಲು. ಆದರೆ ಆ ಹಾದಿಯೂ ಹುಟ್ಟಿದಾಗ 762 ಮಿಲಿಮೀಟರಿನದೇ.